ಹ್ಯಾವ್‌ಲಾಕ್‌ನ ಆ 12 ಕಿಲೋಮೀಟರ್

ಬಸ್ಸಲ್ಲೋ, ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ಆರಾಮಾಗಿ ಕೇಳಿ. ಗಾಡಿ ಓಡಿಸ್ತಾ ಕೇಳ್ತಾ ಇದ್ರೆ ಮಾತ್ರ ದಯವಿಟ್ಟು ಇಲ್ಲೇ ನಿಲ್ಸಿ, ಮನೆಗೆ ಹೋಗಿ ಕೇಳಿ. ಇವತ್ತಿನ ವಿಷಯ ಅಂಥದ್ದು.

ಸಾಮಾನ್ಯವಾಗಿ ಇಲ್ಲಿ ಬೇರೆಯವರ ಕಥೆ ಹೇಳ್ತೀನಿ. ಇವತ್ತು ನನ್ನದೇ ಹೇಳ್ಬೇಕು. ಕಳೆದ ಡಿಸೆಂಬರ್‌ನಲ್ಲಿ ಅಂಡಮಾನ್‌ಗೆ ಹೋಗಿದ್ವಿ. ಅಲ್ಲೊಂದು ಸಣ್ಣ ದ್ವೀಪದಲ್ಲಿ ನಾನು ಓಡಿಸ್ತಿದ್ದ ಸ್ಕೂಟರ್ ಬಿತ್ತು. ಹಿಂದೆ ಕೂತಿದ್ದು ನನ್ನ ಗೆಳತಿ. ಕಾಲೇಜಿನಿಂದ ಜೊತೆಗಿರೋಳು, ಈಗ ರೂಮ್‌ಮೇಟ್. ಈ ಸಂಚಿಕೆ ಮಾಡ್ಲಾ ಅಂತ ಅವಳನ್ನ ಕೇಳ್ದೆ. "ಮಾಡು, ಆದ್ರೆ ನನ್ನ ಹೆಸರು ಬೇಡ, ನಿನ್ನನ್ನ ನೀನು ಬಚಾವ್ ಮಾಡ್ಕೋಬೇಡ" ಅಂದ್ಲು. ಎರಡು ಷರತ್ತಿಗೂ ಒಪ್ಪಿದ್ದೀನಿ.

ಮೊದಲು ಜಾಗದ ಪರಿಚಯ. ಹ್ಯಾವ್‌ಲಾಕ್. 2018ರ ಡಿಸೆಂಬರ್‌ನಿಂದ ಅದರ ಅಧಿಕೃತ ಹೆಸರು ಸ್ವರಾಜ್ ದ್ವೀಪ. ಆದ್ರೂ ಟಿಕೆಟ್ ಬುಕ್ ಮಾಡೋರಿಂದ ಹಿಡಿದು ರೀಲ್ಸ್ ಮಾಡೋರವರೆಗೆ ಎಲ್ರೂ ಹ್ಯಾವ್‌ಲಾಕ್ ಅಂತಲೇ ಹೇಳೋದು. ಬೆಂಗಳೂರಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನ ಇದೆ. ಪೋರ್ಟ್ ಬ್ಲೇರ್‌ಗೂ 2024ರಲ್ಲಿ ಶ್ರೀ ವಿಜಯ ಪುರಂ ಅಂತ ಹೊಸ ಹೆಸರು ಬಂದಿದೆ. ಅಲ್ಲಿಂದ ಹಡಗು. ಖಾಸಗಿ ಹಡಗಾದ್ರೆ ಒಂದೂವರೆ ಗಂಟೆ, ಸರ್ಕಾರಿ ಹಡಗಾದ್ರೆ ಎರಡು, ಎರಡೂವರೆ ಗಂಟೆ. ಈ ಲೆಕ್ಕ ಸ್ವಲ್ಪ ನೆನಪಲ್ಲಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

2011ರ ಜನಗಣತಿ ಪ್ರಕಾರ ಅಲ್ಲಿ ಇದ್ದವರು ಆರು ಸಾವಿರ ಚಿಲ್ಲರೆ ಜನ. ನಮ್ಮ ಕಡೆ ಒಂದು ದೊಡ್ಡ ಹಳ್ಳಿಯಷ್ಟು. ಹೆಚ್ಚಿನವರು ಬಂಗಾಳಿಗಳು. ದೇಶ ವಿಭಜನೆ ಆದ್ಮೇಲೆ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು, 1950ರ ದಶಕದಲ್ಲಿ ಕಾಡು ಕಡಿದು ಗದ್ದೆ, ತೋಟ ಮಾಡಿದವರ ಮಕ್ಕಳು, ಮೊಮ್ಮಕ್ಕಳು. ಹಡಗು ನಿಲ್ಲೋದು ಗೋವಿಂದ ನಗರದ ಜೆಟ್ಟಿಯಲ್ಲಿ. ಪ್ರವಾಸಿಗರು ಉಳಿಯೋದು ಹೆಚ್ಚಾಗಿ ಅದರ ಹತ್ತಿರ, ಇಲ್ಲಾಂದ್ರೆ ವಿಜಯ ನಗರದ ಕಡೆ. ಎಲ್ರೂ ನೋಡೋಕೆ ಹೋಗೋದು ಮಾತ್ರ ದ್ವೀಪದ ಇನ್ನೊಂದು ಬದಿಗೆ, ರಾಧಾನಗರ ಬೀಚ್‌ಗೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಅಂತ ಕರೆದಿದ್ದು ಅದನ್ನೇ. ಜೆಟ್ಟಿಯಿಂದ ಅಲ್ಲಿಗೆ ಸುಮಾರು 12 ಕಿಲೋಮೀಟರ್. ಮೊದಲು ಅಂಗಡಿ ಸಾಲು, ಆಮೇಲೆ ಗದ್ದೆ, ಅಡಿಕೆ, ಬಾಳೆ ತೋಟ, ಆಮೇಲೆ ಕಾಡು. ಕಾಡಲ್ಲಿ ಏರು, ಇಳಿಜಾರು, ತಿರುವು. ರಸ್ತೆ ಕಿರಿದು. ಪಕ್ಕದಲ್ಲಿ ನಡೆಯೋಕೆ ಅಂತ ಪ್ರತ್ಯೇಕ ಜಾಗ ಇಲ್ಲ. ಇಡೀ ದ್ವೀಪದಲ್ಲಿ ನನ್ನ ಕಣ್ಣಿಗೆ ಒಂದೂ ಸಿಗ್ನಲ್ ಬೀಳ್ಲಿಲ್ಲ.

ನಾವು ನಾಲ್ಕು ಜನ, ಎರಡು ಸ್ಕೂಟರ್. ಬಾಡಿಗೆಗೆ ಕೊಟ್ಟವರು ಲೈಸೆನ್ಸ್ ಫೋಟೋ ತಗೊಂಡ್ರು, ದುಡ್ಡು ತಗೊಂಡ್ರು, ಕೀ ಕೊಟ್ರು. "ಹೆಲ್ಮೆಟ್?" ಅಂದಾಗ ಒಳಗಿಂದ ನಾಲ್ಕು ತಂದುಕೊಟ್ರು. ಅದರಲ್ಲಿ ಒಂದರ ಲಾಕ್ ಮುರಿದಿತ್ತು. ನಾನು ನೋಡ್ದೆ. ನೋಡಿಯೂ ತಗೊಂಡೆ. "ಇಷ್ಟು ಸಣ್ಣ ಊರು, ಪರವಾಗಿಲ್ಲ ಬಿಡೇ" ಅಂತ ಅದನ್ನ ಹಿಂದೆ ಕೂತವಳಿಗೆ ಕೊಟ್ಟೆ. ಬಚಾವ್ ಮಾಡ್ಕೋಬೇಡ ಅಂತ ಅವಳು ಹೇಳಿದ್ದು ಇದಕ್ಕೇ.

ಈಗ ಸೂರ್ಯನ ವಿಷಯ. ಇದು ಯಾವ ಟ್ರಾವೆಲ್ ವಿಡಿಯೋದಲ್ಲೂ ನನಗೆ ಸಿಕ್ಕಿರ್ಲಿಲ್ಲ.

ಅಂಡಮಾನ್‌ನ ಗಡಿಯಾರದಲ್ಲಿ ಇರೋದೂ ಬೆಂಗಳೂರಿನ ಟೈಮೇ. ಆದ್ರೆ ಅಂಡಮಾನ್ ಬೆಂಗಳೂರಿಗಿಂತ ರೇಖಾಂಶದಲ್ಲಿ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಭೂಮಿ 15 ಡಿಗ್ರಿ ತಿರುಗೋಕೆ ಒಂದು ಗಂಟೆ ಬೇಕು. ಅಂದ್ರೆ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಆರರ ಹೊತ್ತಿಗೆ ಮುಳುಗೋ ಸೂರ್ಯ ಅಲ್ಲಿ ಐದಕ್ಕೇ ಮುಳುಗ್ತಾನೆ. ಐದೂವರೆಗೆ ಕತ್ತಲೆ. ನಮ್ಮ ತಲೆಯಲ್ಲಿ ಐದೂವರೆ ಅಂದ್ರೆ ಇನ್ನೂ ಸಂಜೆ ಕಾಫಿ ಟೈಮ್. ಅಲ್ಲಿ ಕಾಡಿನ ಮಧ್ಯೆ ಐದೂವರೆ ಅಂದ್ರೆ ರಾತ್ರಿ.

ರಾಧಾನಗರ ಇರೋದು ದ್ವೀಪದ ಪಶ್ಚಿಮ ಬದಿಗೆ. ಅದು ಪ್ರಸಿದ್ಧ ಆಗಿರೋದೇ ಸೂರ್ಯಾಸ್ತಕ್ಕೆ. ಹಾಗಾಗಿ ದ್ವೀಪದಲ್ಲಿರೋ ಪ್ರವಾಸಿಗರಲ್ಲಿ ಬಹಳಷ್ಟು ಜನ ಮಧ್ಯಾಹ್ನ ಆ ಕಡೆ ಹೋಗ್ತಾರೆ. ಸೂರ್ಯ ಮುಳುಗ್ತಾನೆ, ಒಂದಿಷ್ಟು ಫೋಟೋ, ಆಮೇಲೆ ಎಲ್ರೂ ಒಟ್ಟಿಗೆ ಗಾಡಿ ಸ್ಟಾರ್ಟ್ ಮಾಡ್ತಾರೆ. ಅದೇ 12 ಕಿಲೋಮೀಟರ್, ಅದೇ ಅರ್ಧ ಗಂಟೆ, ಪೂರ್ತಿ ಕತ್ತಲೆ. ಓಡಿಸೋರು ಯಾರು? ಆ ರಸ್ತೆಯನ್ನ ಮೊದಲ ದಿನ ನೋಡ್ತಿರೋರು, ಆ ಗಾಡಿಯನ್ನ ಮೊದಲ ದಿನ ಮುಟ್ಟಿರೋರು. ಕೆಲವರು ಊರಲ್ಲಿ ವರ್ಷಗಟ್ಟಲೆ ಸ್ಕೂಟರೇ ಓಡಿಸಿರಲ್ಲ. ಕೆಲವರು ಒಂದು ಬಿಯರ್ ಕುಡಿದಿರ್ತಾರೆ.

ನಾನು ಕುಡಿದಿರ್ಲಿಲ್ಲ. ರೇಸ್ ಮಾಡ್ತಿರ್ಲಿಲ್ಲ. ಫೋನ್ ನೋಡ್ತಿರ್ಲಿಲ್ಲ. ಇದನ್ನ ಹೇಳ್ತಿರೋದು ನನ್ನನ್ನ ಒಳ್ಳೆಯವಳು ಅಂತ ತೋರಿಸೋಕಲ್ಲ. ಅಪಾಯಕಾರಿ ಚಾಲನೆ ಅಂದ ತಕ್ಷಣ ನಮ್ಮ ತಲೆಗೆ ಬರೋದು ವ್ಹೀಲಿಂಗ್ ಮಾಡೋ ಹುಡುಗರು. ನಾನು ಮಾಡಿದ್ದು ಅದ್ಯಾವುದೂ ಅಲ್ಲ. ಮುಂದೆ ಹೋಗ್ತಿದ್ದ ಗೆಳೆಯರ ಸ್ಕೂಟರ್‌ನ ಕೆಂಪು ದೀಪ ಕಣ್ಣಿಂದ ತಪ್ಪಬಾರದು ಅಂತ 50ರಲ್ಲಿ ಹೋಗ್ತಿದ್ದೆ. ಬೆಂಗಳೂರಿನ ರಿಂಗ್ ರೋಡಲ್ಲಿ 50ರಲ್ಲಿ ಹೋದ್ರೆ ಹಿಂದಿನವರು ಹಾರ್ನ್ ಹೊಡೀತಾರೆ. ಅಷ್ಟೇ ನಿಧಾನ ಅನ್ನಿಸ್ತಿತ್ತು.

ಮನೆಗೆ ಬಂದ್ಮೇಲೆ ಒಂದು ಲೆಕ್ಕ ಹಾಕಿದೆ. ನೀವೂ ಹಾಕ್ಕೊಳ್ಳಿ. 50 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಣ್ಣಿಗೆ ಏನೋ ಕಂಡು, ಅದು ಮಿದುಳಿಗೆ ಹೋಗಿ, ಕೈ ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಕೊಂಡ್ರೆ ಅಷ್ಟರಲ್ಲಿ ಗಾಡಿ 21 ಮೀಟರ್ ಮುಂದೆ ಹೋಗಿರುತ್ತೆ. ಒಣ ರಸ್ತೆಯಲ್ಲಿ ಸಾಧಾರಣವಾಗಿ ಬ್ರೇಕ್ ಹಿಡಿದ್ರೆ ನಿಲ್ಲೋಕೆ ಇನ್ನೊಂದು 19 ಮೀಟರ್. ಒಟ್ಟು 40. ನನ್ನ ಬಾಡಿಗೆ ಸ್ಕೂಟರ್‌ನ ಮಂಕು ಹೆಡ್‌ಲೈಟ್‌ನಲ್ಲಿ ನನಗೆ ಸರಿಯಾಗಿ ಕಾಣ್ತಿದ್ದಿದ್ದು ಹೆಚ್ಚಂದ್ರೆ 30 ಮೀಟರ್. ಅಂದ್ರೆ ಪ್ರತಿ ಕ್ಷಣವೂ ನಾನು ಕಾಣದೇ ಇರೋ 10 ಮೀಟರ್‌ನ ಒಳಗೆ ಗಾಡಿ ನುಗ್ಗಿಸ್ತಾ ಇದ್ದೆ. ಅದೇ 30ರ ವೇಗದಲ್ಲಿ ಹೋಗಿದ್ರೆ ಒಟ್ಟು ಸುಮಾರು 20 ಮೀಟರ್‌ಗೆ ನಿಲ್ತಿತ್ತು. 30ಕ್ಕೂ 50ಕ್ಕೂ 12 ಕಿಲೋಮೀಟರ್ ದಾರಿಯಲ್ಲಿ ಉಳಿಯೋ ಸಮಯ ಎಷ್ಟು ಗೊತ್ತಾ? ಹತ್ತು ನಿಮಿಷ ಕೂಡ ಇಲ್ಲ.

ಇಳಿಜಾರಿನ ಒಂದು ತಿರುವಲ್ಲಿ ಎದುರಿಂದ ಒಂದು ಗಾಡಿ ಹೈ ಬೀಮ್ ಹಾಕ್ಕೊಂಡು ಬಂತು. ಕಣ್ಣು ಕತ್ತಲೆ ಬಂದ ಹಾಗಾಯ್ತು. ಅದು ದಾಟಿದ ತಕ್ಷಣ ಎಡಗಡೆ, ನನ್ನ ಎದುರಿಗೇ, ಒಬ್ಬರು ಸೈಕಲ್ ತಳ್ಳಿಕೊಂಡು ಹೋಗ್ತಾ ಇದ್ದಾರೆ. ವಯಸ್ಸಾದವರು. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ. ದೀಪ ಇಲ್ಲ. ನಾನು ಹ್ಯಾಂಡಲ್ ಬಲಕ್ಕೆ ಎಳೆದೆ, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಟಾರಿನ ಮೇಲೆ ಜಲ್ಲಿಪುಡಿ ಇತ್ತು. ಅಷ್ಟೇ ನೆನಪು.

ಅವರಿಗೆ ಏನೂ ಆಗ್ಲಿಲ್ಲ. ಹೊರೆ ಮಾತ್ರ ಬಿದ್ದಿತ್ತು. ನನಗೆ ಮೊಣಕೈ, ಮಂಡಿ ತರಚಿತ್ತು. ಗೆಳತಿ ರಸ್ತೆಯ ಆ ಬದಿಗೆ ಬಿದ್ದಿದ್ಲು. ಅವಳ ಹೆಲ್ಮೆಟ್ ಅವಳಿಗಿಂತ ಮುಂದೆ ಹೋಗಿ ಪೊದೆಯಲ್ಲಿ ಬಿದ್ದಿತ್ತು. ಲಾಕ್ ಇಲ್ಲದ ಹೆಲ್ಮೆಟ್ ತಲೆಗಿಂತ ಮೊದಲು ಹಾರಿ ಹೋಗುತ್ತೆ. ಕಿವಿಯ ಮೇಲೆ ಗಾಯ, ರಕ್ತ. ಕರೆದ್ರೆ ಮಾತಿಲ್ಲ. ಫೋನ್ ತೆಗೆದ್ರೆ ನೆಟ್‌ವರ್ಕ್ ಇಲ್ಲ. ಮುಂದಿದ್ದ ಗೆಳೆಯರಿಗೆ ನಾವು ಬಿದ್ದಿದ್ದೇ ಗೊತ್ತಿಲ್ಲ.

ನಾನು ಯಾರಿಗೆ ಗುದ್ದೋದರಲ್ಲಿದ್ನೋ ಅವರೇ ಸೈಕಲ್ ಬಿಟ್ಟು ಓಡಿ ಬಂದ್ರು. ಹೆಗಲ ಮೇಲಿನ ಗಮ್ಛಾ ತೆಗೆದು ಮಡಚಿ ಗಾಯಕ್ಕೆ ಒತ್ತಿ ಹಿಡಿದ್ರು. ನಾನು ಅವಳನ್ನ ಎಬ್ಬಿಸಿ ಕೂರಿಸೋಕೆ ಹೋದೆ. "ಕತ್ತು ಅಲ್ಲಾಡಿಸಬೇಡಮ್ಮ" ಅಂತ ಹಿಂದಿಯಲ್ಲಿ ಗದರಿದ್ರು. ಒಂದು ನಿಮಿಷಕ್ಕೆ ಅವಳು ಕಣ್ಣು ಬಿಟ್ಲು. ಆಮೇಲೆ ಬಂದ ಒಂದು ಜೀಪನ್ನ ಅವರೇ ರಸ್ತೆ ಮಧ್ಯೆ ನಿಂತು ಅಡ್ಡ ಹಾಕಿದ್ರು. ಅದಕ್ಕೂ ಮುಂಚೆ ಎರಡು ಸ್ಕೂಟರ್ ನಿಧಾನ ಮಾಡಿ, ನೋಡಿ, ಹೊರಟು ಹೋಗಿದ್ವು. ನಮ್ಮ ಹಾಗೇ ಬಂದ ಪ್ರವಾಸಿಗರು.

ಅವರನ್ನ ಬೈಯೋಕೆ ನನಗೆ ಬಾಯಿಲ್ಲ, ನಾನೂ ಹಿಂದೆ ಹಾಗೆ ಹೋಗಿರಬಹುದು. ಆದ್ರೆ ಒಂದು ವಿಷಯ ತಿಳ್ಕೊಳ್ಳಿ. ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದವರನ್ನ ಪೊಲೀಸು, ಕೋರ್ಟು ಅಂತ ಅಲೆದಾಡಿಸೋ ಹಾಗಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಈ ಮಾರ್ಗಸೂಚಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಅಂತ ಒಂದು ಸೆಕ್ಷನ್ ಸೇರಿದೆ. ನೆರವಾದವರು ತಮ್ಮ ಹೆಸರು ಹೇಳ್ಲೇಬೇಕು ಅಂತಲೂ ಇಲ್ಲ. ಹಾಗಾಗಿ ನಿಲ್ಲಿ. ಕಡೇ ಪಕ್ಷ 112ಕ್ಕೆ ಫೋನ್ ಮಾಡಿ.

ದ್ವೀಪದ ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು ಇಬ್ಬರೂ ಚೆನ್ನಾಗಿ ನೋಡ್ಕೊಂಡ್ರು. ಹೊಲಿಗೆ ಹಾಕಿದ್ರು, ಕುತ್ತಿಗೆಗೆ ಕಾಲರ್ ಕಟ್ಟಿದ್ರು, ಕೈಗೆ ಜೋಲಿ ಹಾಕಿದ್ರು. ಕಾಲರ್ ಬೋನ್ ಮುರಿದಿತ್ತು. ಅಷ್ಟರಲ್ಲಿ ಅವಳು ಎರಡು ಸಲ ವಾಂತಿ ಮಾಡ್ಕೊಂಡ್ಲು. ಡಾಕ್ಟರ ಮುಖ ಬದಲಾಯ್ತು. ತಲೆಯ ಸಿಟಿ ಸ್ಕ್ಯಾನ್ ಆಗ್ಬೇಕು, ಅದಕ್ಕೆ ಪೋರ್ಟ್ ಬ್ಲೇರ್‌ಗೆ ಹೋಗ್ಬೇಕು ಅಂದ್ರು. ಸರಿ, ಹೋಗೋಣ ಅಂದೆ. "ಇವತ್ತಿನ ಕೊನೆ ಹಡಗು ಹೋಗಿದೆ" ಅಂದ್ರು.

ಆ ಒಂದು ಮಾತು ಕೇಳೋವರೆಗೆ ನಾನು ದ್ವೀಪದಲ್ಲಿದ್ದೀನಿ ಅನ್ನೋದು ನನಗೆ ನಿಜವಾಗಿ ಗೊತ್ತಾಗಿರ್ಲಿಲ್ಲ. ಮೂರು ದಿನದಿಂದ ಸುತ್ತ ಸಮುದ್ರ ನೋಡ್ತಾ, ಫೋಟೋ ಹಾಕ್ತಾ ಇದ್ದೆ, ಅಷ್ಟೇ.

ನಾನು ಕುಮಟಾ ಕಡೆಯವಳು. ಉತ್ತರ ಕನ್ನಡದವರಿಗೆ ಈ ಮಾತು ಬಿಡಿಸಿ ಹೇಳ್ಬೇಕಾಗಿಲ್ಲ. ನಮ್ಮಲ್ಲಿ ತಲೆಗೆ ಜೋರು ಪೆಟ್ಟಾದ್ರೆ ಆಂಬುಲೆನ್ಸ್ ಹೊರಡೋದು ಮಣಿಪಾಲಕ್ಕೆ, ಇಲ್ಲಾ ಮಂಗಳೂರಿಗೆ. ನೂರು ಕಿಲೋಮೀಟರ್‌ಗೂ ಮೇಲೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ದೊಡ್ಡ ದನಿ ಎತ್ತಿದ್ದು ನಿಮಗೆ ನೆನಪಿರಬಹುದು. ಅಂಥ ಊರಲ್ಲಿ ಬೆಳೆದ ನಾನು ಹ್ಯಾವ್‌ಲಾಕ್‌ನಲ್ಲಿ ಗಾಡಿ ಹತ್ತೋವಾಗ ಒಂದು ಪ್ರಶ್ನೆ ಕೇಳ್ಕೊಳ್ಬೇಕಿತ್ತು: ಇಲ್ಲಿಂದ ದೊಡ್ಡ ಆಸ್ಪತ್ರೆ ಎಷ್ಟು ದೂರ? ಕೇಳ್ಕೊಳ್ಲಿಲ್ಲ. ನಮ್ಮೂರಲ್ಲಿ ದೂರ ಇದ್ರೂ ಹೈವೇ ಇದೆ, ಮಧ್ಯರಾತ್ರಿಯಾದ್ರೂ ಹೊರಡಬಹುದು. ಅಲ್ಲಿ ಮಧ್ಯೆ ಇರೋದು ಸಮುದ್ರ.

ಮೋಟಾರು ವಾಹನ ಕಾಯ್ದೆಯಲ್ಲಿ 'ಗೋಲ್ಡನ್ ಅವರ್' ಅನ್ನೋದಕ್ಕೆ ವ್ಯಾಖ್ಯಾನವೇ ಇದೆ. ಗಾಯವಾದ ನಂತರದ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಚಿಕಿತ್ಸೆ ಸಿಕ್ಕಿದ್ರೆ ಜೀವ ಉಳಿಯೋ ಸಾಧ್ಯತೆ ಅತಿ ಹೆಚ್ಚು. ನಾನು ಆಗ್ಲೇ ನೆನಪಲ್ಲಿಟ್ಕೊಳ್ಳಿ ಅಂದ ಲೆಕ್ಕ ಈಗ ಜೋಡಿಸಿ. ಕಾನೂನಿನ ಗೋಲ್ಡನ್ ಅವರ್ ಒಂದು ಗಂಟೆ. ಹಡಗು ರೆಡಿಯಾಗಿ ಜೆಟ್ಟಿಯಲ್ಲೇ ನಿಂತಿದ್ರೂ ಸಮುದ್ರ ದಾಟೋಕೆ ಒಂದೂವರೆ ಗಂಟೆ. ರಾತ್ರಿಯಾದ್ರೆ ಬೆಳಗಿನವರೆಗೆ ಕಾಯ್ಬೇಕು. ಪರಿಸ್ಥಿತಿ ಕೈಮೀರಿದ್ರೆ ಬೇರೆ ಬೋಟಿಗೋ, ಹೆಲಿಕಾಪ್ಟರಿಗೋ ಆಡಳಿತದವರ ಮೂಲಕ ಪ್ರಯತ್ನಿಸಬಹುದು. ಆದ್ರೆ ಅದಕ್ಕೆ ಹವಾಮಾನ ಕೂಡಿ ಬರ್ಬೇಕು, ಹೊತ್ತು ಕೂಡಿ ಬರ್ಬೇಕು. ಬೆಂಗಳೂರಲ್ಲಿ ಸುಧಾರಿಸಿಕೊಳ್ಳಬಹುದಾದ ಪೆಟ್ಟು ದ್ವೀಪದಲ್ಲಿ ಪ್ರಾಣ ತೆಗೀಬಹುದು. ನಾವು ಉಲ್ಟಾ ಅಂದ್ಕೊಂಡಿರ್ತೀವಿ. ಊರು ಸಣ್ಣದು, ರಸ್ತೆ ಖಾಲಿ, ಪೊಲೀಸರಿಲ್ಲ, ಹಾಗಾಗಿ ಅಪಾಯವೂ ಕಮ್ಮಿ ಅಂತ.

ಆ ರಾತ್ರಿ ಡಾಕ್ಟರು ನನಗೊಂದು ಕೆಲಸ ಕೊಟ್ರು. ಗಂಟೆಗೊಮ್ಮೆ ಅವಳನ್ನ ಎಬ್ಬಿಸಬೇಕು. ಹೆಸರೇನು, ಎಲ್ಲಿದ್ದೀವಿ ಅಂತ ಕೇಳ್ಬೇಕು. ಉತ್ತರ ತೊದಲಿದ್ರೆ, ಎಚ್ಚರ ಆಗ್ದೇ ಇದ್ರೆ ತಕ್ಷಣ ಕರೀಬೇಕು. ನಡುವೆ ಅವಳಮ್ಮ ಫೋನ್ ಮಾಡಿದ್ರು. ಆಂಟಿ ದಿನಾ ಒಂಬತ್ತಕ್ಕೆ ಫೋನ್ ಮಾಡ್ತಾರೆ. "ಅವಳು ಮಲಗಿದಾಳೆ ಆಂಟಿ, ಸುಸ್ತಾಗಿದೆ" ಅಂದೆ. ಸುಳ್ಳಲ್ಲ, ಆದ್ರೆ ಅದಕ್ಕಿಂತ ದೊಡ್ಡ ಸುಳ್ಳನ್ನ ನಾನು ಯಾರಿಗೂ ಹೇಳಿಲ್ಲ.

ಎರಡು ಗಂಟೆಗೆ ಎಬ್ಬಿಸಿ "ಯಾವ ಊರೇ ಇದು?" ಅಂದೆ. "ಹಾಸನ" ಅಂದ್ಲು. ನನ್ನ ಎದೆ ಧಸಕ್ ಅಂತು. ನರ್ಸನ್ನ ಕೂಗೋಕೆ ಎದ್ದೆ. ಅವಳು ಕಣ್ಣು ಮುಚ್ಚಿಕೊಂಡೇ, "ನಮ್ಮೂರು ಕೇಳಿದ್ಯಲ್ವಾ? ಇದು ಹ್ಯಾವ್‌ಲಾಕ್ ಕಣೇ, ಮಲಗೋಕೆ ಬಿಡೇ" ಅಂದ್ಲು. ನಾನು ಅತ್ತಿದ್ದು ಆವಾಗ್ಲೇ.

ಬೆಳಿಗ್ಗೆ ಮೊದಲ ಹಡಗಿಗೆ ಸ್ಟ್ರೆಚರ್‌ನಲ್ಲಿ ಕರೆದುಕೊಂಡು ಹೋದ್ವಿ. ಜೆಟ್ಟಿಯಲ್ಲಿ ಆ ಸೈಕಲ್‌ನ ತಾತ ನಿಂತಿದ್ರು. ಕೈಯಲ್ಲಿ ಅವಳ ಒಂದು ಚಪ್ಪಲಿ, ಆ ಲಾಕಿಲ್ಲದ ಹೆಲ್ಮೆಟ್. ಬೆಳಕು ಹರಿದ ಮೇಲೆ ಹುಡುಕಿ ತಂದಿದ್ರು. ನಾನು ಕಾಲಿಗೆ ಬೀಳೋಕೆ ಹೋದೆ, ಬೇಡ ಅಂದ್ರು. ಬೈತಾರೆ ಅಂದ್ಕೊಂಡೆ. ಅವರು ಬೈಲಿಲ್ಲ. "ನೀವು ನಾಲ್ಕು ದಿನಕ್ಕೆ ಬಂದು ಹೋಗ್ತೀರಿ. ನನ್ನ ಮೊಮ್ಮಕ್ಕಳು ದಿನಾ ಇದೇ ರಸ್ತೆಯಲ್ಲಿ ಶಾಲೆಗೆ ನಡೀತಾರೆ" ಅಂದ್ರು. ಅಷ್ಟೇ ಹೇಳಿ ಹೊರಟ್ರು.

ಇದನ್ನ ನಾನು ಬಹಳ ಯೋಚಿಸಿದ್ದೀನಿ. ನನಗೆ ಆ ರಸ್ತೆ ಬೀಚ್‌ಗೆ ಹೋಗೋ ದಾರಿ. ಅವರಿಗೆ ಅದು ಮನೆಯ ಮುಂದಿನ ರಸ್ತೆ. ಗದ್ದೆಗೆ, ಶಾಲೆಗೆ, ಅಂಗಡಿಗೆ, ಆಸ್ಪತ್ರೆಗೆ ಇರೋದು ಅದೊಂದೇ. ನಾನು ಎರಡು ಮೀಟರ್ ಎಡಕ್ಕಿದ್ದಿದ್ರೆ ಹಡಗು ಹತ್ತಬೇಕಾಗಿದ್ದು ಅವರು. ಆಗ ನಾನು ಪ್ರಾಯಶ್ಚಿತ್ತದ ಪಾಡ್‌ಕಾಸ್ಟ್ ಮಾಡಿದ್ರೂ ಅವರ ಮೊಮ್ಮಕ್ಕಳಿಗೆ ಅದರಿಂದ ಏನು ಪ್ರಯೋಜನ?

ಗೆಳತಿಯ ತಲೆಯೊಳಗೆ ಸಣ್ಣ ರಕ್ತಸ್ರಾವ ಆಗಿತ್ತು. ಆಪರೇಷನ್ ಬೇಕಾಗ್ಲಿಲ್ಲ. ನಮ್ಮ ಅದೃಷ್ಟ, ಅದು ರಾತ್ರಿ ಹೆಚ್ಚಾಗ್ಲಿಲ್ಲ. ಮೂಳೆ ಕೂಡಿದೆ. ಆದ್ರೆ ಅವಳಿಗೆ ವಾಸನೆ ಗೊತ್ತಾಗಲ್ಲ. ತಲೆಗೆ ಪೆಟ್ಟಾದಾಗ ಮೂಗಿನಿಂದ ಮಿದುಳಿಗೆ ಹೋಗೋ ಸೂಕ್ಷ್ಮ ನರಗಳು ಹರಿದು ಹೋಗಬಹುದಂತೆ. ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಬರಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಅವಳ ಮನೆಯವರದು ಕಾಫಿ ತೋಟ. ಮೊನ್ನೆ ಒಲೆ ಮೇಲಿಟ್ಟ ಹಾಲು ಸೀದು ಹೊಗೆ ಬಂದ್ರೂ ಪಕ್ಕದಲ್ಲೇ ಕೂತವಳಿಗೆ ಗೊತ್ತಾಗ್ಲಿಲ್ಲ. ನಾನು ಓಡಿ ಬಂದು ಆರಿಸಿದೆ. ಇಬ್ಬರೂ ಏನೂ ಮಾತಾಡ್ಲಿಲ್ಲ.

ಇನ್ನು ಹೆಲ್ಮೆಟ್ ಲೆಕ್ಕ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹೆಲ್ಮೆಟ್ ಹಾಕದೇ ಇದ್ದವರು 50,029. ಇವರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತವರು. ಓಡಿಸೋರ ಮೇಲೆ ನಂಬಿಕೆ ಇಟ್ಟು ಕೂತವರು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಹೆಲ್ಮೆಟ್ ಸಾವಿನ ಅಪಾಯವನ್ನ ಸುಮಾರು ಶೇ 42ರಷ್ಟು, ತಲೆಗಾಯದ ಅಪಾಯವನ್ನ ಶೇ 69ರಷ್ಟು ಕಡಿಮೆ ಮಾಡುತ್ತೆ ಅಂತ ಕಂಡುಬಂದಿದೆ. ಆದ್ರೆ ಅದು ತಲೆ ಮೇಲೆ ನಿಂತರೆ ಮಾತ್ರ. ಕಾನೂನಿನ 129ನೇ ಸೆಕ್ಷನ್ ಕೂಡ ಹೆಲ್ಮೆಟ್ ಇಟ್ಕೊಳ್ಳಿ ಅಂತ ಅಷ್ಟೇ ಹೇಳಲ್ಲ, ಪಟ್ಟಿಯಿಂದ ತಲೆಗೆ ಭದ್ರವಾಗಿ ಕಟ್ಟಿಕೊಳ್ಳಿ ಅನ್ನುತ್ತೆ.

ದುಡ್ಡಿನ ವಿಷಯವೂ ಹೇಳ್ಬೇಕು, ಯಾಕಂದ್ರೆ ನಮಗೆ ಆಮೇಲೆ ಗೊತ್ತಾಗಿದ್ದು ಇದು. ಬಾಡಿಗೆಗೆ ಕೊಟ್ಟು ನಾವೇ ಓಡಿಸೋ ಗಾಡಿಗಳಿಗೆ ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟ್ ಇರ್ಬೇಕು. ನಮ್ಮದು ಬಿಳಿ ಬೋರ್ಡ್ ಇತ್ತು. ಖಾಸಗಿ ಗಾಡಿ. ಅಂಥ ಗಾಡಿ ಬಾಡಿಗೆಗೆ ಓಡಿದಾಗ ಅಪಘಾತ ಆದ್ರೆ ವಿಮೆ ಕಂಪನಿ ತಕರಾರು ತೆಗೆಯೋಕೆ ದಾರಿ ಇದೆ. ಇನ್ನೊಂದು, ಗಾಡಿ ವಿಮೆಯ ಜೊತೆ ಬರೋ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರೋದು ಮಾಲೀಕರಿಗೆ. ಬಾಡಿಗೆಗೆ ತಗೊಂಡ ನನಗಲ್ಲ, ಹಿಂದೆ ಕೂತ ಅವಳಿಗೂ ಅಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿರ್ಲಿಲ್ಲ. ವಾಟರ್‌ಪ್ರೂಫ್ ಫೋನ್ ಕವರ್‌ಗೆ ದುಡ್ಡು ಕೊಟ್ಟಿದ್ವಿ.

2025ರ ಮೇ ತಿಂಗಳಿಂದ ಕೇಂದ್ರದ ಒಂದು ನಗದುರಹಿತ ಚಿಕಿತ್ಸಾ ಯೋಜನೆ ಜಾರಿಯಲ್ಲಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡ ಒಬ್ಬರಿಗೆ 7 ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ. ಇದು ದೇಶದ ಎಲ್ಲ ಕಡೆಗೂ ಅನ್ವಯ. ಆಸ್ಪತ್ರೆಯಲ್ಲಿ ಈ ಯೋಜನೆ ಬಗ್ಗೆ ಬಾಯಿಬಿಟ್ಟು ಕೇಳಿ.

ಹಾಗಾದ್ರೆ ದ್ವೀಪಕ್ಕೆ ಹೋಗೋದೇ ಬೇಡ್ವಾ? ಖಂಡಿತ ಹೋಗಿ. ನಾನು ಈಗ ಹೋದ್ರೆ ಏನು ಮಾಡ್ತೀನಿ ಹೇಳ್ತೀನಿ.

ಸೂರ್ಯಾಸ್ತ ನೋಡೋಕೆ ಸ್ಕೂಟರಲ್ಲಿ ಹೋಗಲ್ಲ. ಆ ಒಂದು ಸಂಜೆಗೆ ಆಟೋ, ಜೀಪು ಮಾಡ್ಕೋತೀನಿ, ನಾಲ್ಕು ಜನ ಹಂಚ್ಕೊಂಡ್ರೆ ದೊಡ್ಡ ಖರ್ಚಲ್ಲ. ಅಲ್ಲಿಯ ಚಾಲಕರಿಗೆ ಪ್ರತಿ ತಿರುವೂ ಗೊತ್ತು, ಅವರಿಗೂ ನಾಲ್ಕು ಕಾಸು ಸಿಗುತ್ತೆ. ಸ್ಕೂಟರ್ ತಗೊಂಡ್ರೆ ಹಗಲಿಗೆ ಮಾತ್ರ. ಹೊರಡೋ ಮುಂಚೆ ಫೋನಲ್ಲಿ ಅವತ್ತಿನ ಸೂರ್ಯಾಸ್ತದ ಟೈಮ್ ನೋಡಿ, ಅದಕ್ಕೆ ಒಂದು ಗಂಟೆ ಮುಂಚೆ ವಾಪಸ್ ಬರೋ ಹಾಗೆ ನೋಡ್ಕೋತೀನಿ. ಕೀ ತಗೊಳ್ಳೋ ಮುಂಚೆ ಎರಡೂ ಬ್ರೇಕ್, ಹೆಡ್‌ಲೈಟ್, ಟೈರ್, ನಂಬರ್ ಪ್ಲೇಟ್ ಬಣ್ಣ ನೋಡ್ತೀನಿ. ಹೆಲ್ಮೆಟ್ ಲಾಕ್ ಹಾಕಿ, ತಲೆ ಬಗ್ಗಿಸಿ, ಹಿಂದಿನಿಂದ ತಳ್ಳಿ ನೋಡ್ತೀನಿ. ಕಳಚಿ ಬಂದ್ರೆ ಬೇರೆ ಕೇಳ್ತೀನಿ. ಇಲ್ಲಾಂದ್ರೆ ಗಾಡಿಯೇ ಬೇಡ. ಕುಡಿಯೋ ಪ್ಲಾನ್ ಇದ್ರೆ ಕೀ ಮುಟ್ಟಲ್ಲ. ಮುಂದಿನ ಗಾಡಿ ಕಣ್ಣಿಂದ ಮರೆಯಾದ್ರೆ ಆಗ್ಲಿ, ಇರೋದೊಂದೇ ರಸ್ತೆ, ಎಲ್ಲಿಗೆ ಕಳೆದು ಹೋಗ್ತಾರೆ?

ಬಾಲಿ, ಫುಕೆಟ್ ಅಂತ ಹೊರದೇಶಕ್ಕೆ ಹೋಗೋರಿಗೂ ಇದೇ ಮಾತು. ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡೇ ಹೋಗಿ. ಸರಿಯಾದ ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ರೆ ಟ್ರಾವೆಲ್ ಇನ್ಶೂರೆನ್ಸ್ ಇದ್ರೂ ಸಾಮಾನ್ಯವಾಗಿ ಕೈಕೊಡುತ್ತೆ.

ಎಲ್ಲವನ್ನೂ ಪ್ರವಾಸಿಗರ ತಲೆಗೇ ಕಟ್ಟೋದೂ ಸರಿಯಲ್ಲ. ಸೂರ್ಯಾಸ್ತದ ಟೈಮಿಗೆ ಸರಿಯಾಗಿ ಬೀಚಿನಿಂದ ಜೆಟ್ಟಿಗೆ ಒಂದಷ್ಟು ಬಸ್ಸು ಬಿಟ್ರೆ ಅರ್ಧ ಸ್ಕೂಟರ್ ರಸ್ತೆಗೇ ಇಳಿಯಲ್ಲ. ತಿರುವುಗಳಲ್ಲಿ ಹೊಳೆಯೋ ಫಲಕ, ಮನೆಗಳಿರೋ ಕಡೆ ಹಂಪ್, ನಡೆಯೋರಿಗೆ ಒಂದು ಮೀಟರ್ ಜಾಗ. ಇದಕ್ಕೆಲ್ಲ ದೊಡ್ಡ ತಂತ್ರಜ್ಞಾನ ಬೇಕಾಗಿಲ್ಲ. ದ್ವೀಪ ಸಣ್ಣದಾಗಿರೋದರಿಂದ ಇಂಥದ್ದನ್ನ ಮಾಡೋದು ಸುಲಭವೂ ಹೌದು. ಅಪಾಯ ಇರೋದು ಒಂದೇ ರಸ್ತೆಯಲ್ಲಿ, ದಿನದ ಒಂದೇ ಹೊತ್ತಲ್ಲಿ ಅಂತ ಗೊತ್ತಿದೆಯಲ್ಲ.

ಈ ಸಂಚಿಕೆ ರೆಕಾರ್ಡ್ ಮಾಡೋ ಮುಂಚೆ ಬರೆದಿದ್ದನ್ನ ಅವಳಿಗೆ ಓದಿ ಹೇಳ್ದೆ. ಪೂರ್ತಿ ಕೇಳಿ, "ಆ ಹೆಲ್ಮೆಟ್ ನೀನು ಕೊಟ್ಟೆ ನಿಜ, ಹಾಕ್ಕೊಂಡಿದ್ದು ನಾನು. ಬೇರೆ ಕೊಡಿ ಅಂತ ನಾನೂ ಕೇಳ್ಬಹುದಿತ್ತು. ಅದನ್ನೂ ಹೇಳು" ಅಂದ್ಲು. ಹೇಳಿದ್ದೀನಿ. ಹಿಂದೆ ಕೂರೋರು ಯಾರಾದ್ರೂ ಇದನ್ನ ಕೇಳ್ತಾ ಇದ್ರೆ, ನಿಧಾನ ಹೋಗು ಅಂತ ಹೇಳೋಕೆ ನಾಚ್ಕೋಬೇಡಿ. ಭುಜ ತಟ್ಟಿ ಹೇಳಿ. ನಿಲ್ಸು ಅನ್ನಿ. ಇಳಿದು ನಡ್ಕೊಂಡಾದ್ರೂ ಹೋಗಿ.

ಈ ವಾರಕ್ಕೆ ಇಷ್ಟು. ರಜೆಗೆ ಸ್ನೇಹಿತರ ಜೊತೆ ಟಿಕೆಟ್ ಬುಕ್ ಮಾಡ್ತಾ ಇದ್ರೆ ಈ ಸಂಚಿಕೆಯನ್ನ ನಿಮ್ಮ ಟ್ರಿಪ್ ಗ್ರೂಪಿಗೆ ಕಳಿಸಿ. ಮುಂದಿನ ವಾರ ಸಿಗೋಣ. ಹುಷಾರಾಗಿ ಹೋಗಿ ಬನ್ನಿ.